ಗೋದಾಮಿನ ಕುರ್ಚಿಗಳು

೬ ಜೂನ್ ೨೦೨೨, ಸೋಮವಾರ

ಕೆಲಸಕ್ಕೆ ಸೇರಿದೆ. ಶರವಣಂಪಟ್ಟಿಯ ಸೂಪರ್ ಮಾರ್ಕೆಟ್ಟು, ಬಿಲ್ ಹಾಕುವ ಮೂರನೇ ಕೌಂಟರು. ಲಾಕ್‌ಡೌನಿನಲ್ಲಿ ಇದೇ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತು ಕಾದು ಅಕ್ಕಿ ಬೇಳೆ ಒಯ್ದಿದ್ದೇನೆ. ಈಗ ಗಾಜಿನ ಬಾಗಿಲ ಒಳಗಡೆ. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಉದ್ಯೋಗ.

ಇವರು ಖರೀದಿ ಅಧಿಕಾರಿಯಾಗಿದ್ದ ನೂಲಿನ ಮಿಲ್ಲು ಮುಚ್ಚಿತು. ಆಮೇಲೆ ಕೋವಿಡ್ ಬಂದು ಇವರ ಶ್ವಾಸಕೋಶವನ್ನೂ ಅಷ್ಟಿಷ್ಟು ಕೆಡಿಸಿಹೋಯಿತು. ಮಗಳು ಮಾಧವಿಯ ಕಾಲೇಜು ಇನ್ನೂ ಮುಗಿದಿಲ್ಲ. ಹಾಗಾಗಿ ಇದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಅವಳ ಓದು ಮುಗಿಯುವ ತನಕ, ಅಥವಾ ಇವರಿಗೆ ಏನಾದರೂ ಸಿಗುವ ತನಕ, ಅಷ್ಟೇ. ಪಕ್ಕದ ಮನೆಯವರಿಗೆ ಇವರು, "ವೇದವತಿ ಒಂದು ಕಂಪನಿಯ ಅಕೌಂಟ್ಸಿನಲ್ಲಿ ಇದಾಳೆ" ಎಂದರು. ನಾನು ತಿದ್ದಲಿಲ್ಲ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮ ನಂಜನಗೂಡಿನವಳು, ಹಟ ಹಿಡಿದು ನನಗೆ ಅಕ್ಷರ ಕಲಿಸಿದಳು. ಇವರ ಮನೆತನ ತಲೆಮಾರುಗಳಿಂದ ಕೊಯಮತ್ತೂರಿನದು. ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು, ಇಂಗ್ಲಿಷು. ಮಾಧವಿಗೂ ಹಾಗೆಯೇ. ಆದ್ದರಿಂದ ಈ ಪುಸ್ತಕವನ್ನು ಎಲ್ಲೂ ಬಚ್ಚಿಡಬೇಕಾಗಿಲ್ಲ.

೧೦ ಜೂನ್, ಶುಕ್ರವಾರ

ನಿಲ್ಲುವುದೇ ಒಂದು ಕೆಲಸ ಎಂದು ಈವರೆಗೆ ತಿಳಿದಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಿಂತರೆ ಸಂಜೆ ದೀಪ ಹಾಕಿ ಎಷ್ಟೋ ಹೊತ್ತಾದ ಮೇಲೆ ಬಿಡುಗಡೆ. ನಡುವೆ ಊಟಕ್ಕೆ ಅರ್ಧ ಗಂಟೆ. ಕೌಂಟರಿನ ಹಿಂದೆ ಕುರ್ಚಿ ಇಲ್ಲ. ಮ್ಯಾನೇಜರ್ ಸೆಂದಿಲ್ ಕುಮಾರ್ ಮೊದಲ ದಿನವೇ ಹೇಳಿದ್ದ: "ಕೂತುಕೊಂಡು ಬಿಲ್ ಹಾಕಿದರೆ ಬಂದವರಿಗೆ ಮರ್ಯಾದೆ ಕೊಟ್ಟ ಹಾಗಾಗಲ್ಲ ಮೇಡಂ. ನೆಟ್ಟಗೆ ನಿಲ್ಲಬೇಕು, ನಗುತ್ತಿರಬೇಕು." ಚಿಕ್ಕ ವಯಸ್ಸಿನವನು, ಸಭ್ಯ. ನನ್ನೊಬ್ಬಳನ್ನೇ ಮೇಡಂ ಅನ್ನುತ್ತಾನೆ. ಉಳಿದವರನ್ನು ಹೆಸರು ಹಿಡಿದು ಕೂಗುತ್ತಾನೆ.

ಎರಡನೇ ಕೌಂಟರಿನ ಹುಡುಗಿ ಗೋಕಿಲಾ. ನಾನು ಫೋನಿನಲ್ಲಿ ಮಾಧವಿಯ ಜೊತೆ ಆಡಿದ ಮಾತು ಅವಳ ಕಿವಿಗೆ ಬಿತ್ತು.

"ಅಕ್ಕಾ, ನೀವು ಕನ್ನಡವಾ? ನಮ್ ಮನೇಲೂ ಇದೇ ಪಾಷೆ ತಾನ್!"

ಮಡತ್ತುಕುಳಂ ಕಡೆ ಬೇಸಾಯದ ಮನೆಯವಳಂತೆ. ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. "ಓದೋಕೆ ಬರಲ್ಲೆ ಅಕ್ಕಾ, ಪೇಚು ಮಾತ್ರಂ" ಎಂದು ನಕ್ಕಳು, ಆಡುವುದು ಮಾತ್ರ ಗೊತ್ತು ಎಂದು. ಮಾತು ಕನ್ನಡದ್ದು, ರಾಗ ಪೂರಾ ತಮಿಳಿನದು. ನನ್ನನ್ನು ಅಕ್ಕಾ ಅನ್ನಬೇಡ ಎಂದು ಹೇಳಬೇಕೆನಿಸಿತು, ಮಗಳ ವಯಸ್ಸಿನವಳು. ಹೇಳಲಿಲ್ಲ.

ಈ ಹುಡುಗಿಯರು ಗೋದಾಮಿಗೆ ಹತ್ತುವ ಮೆಟ್ಟಿಲ ಬುಡದಲ್ಲಿ ಒಟ್ಟಿಗೆ ಕೂತು ಉಣ್ಣುತ್ತಾರೆ. ಅವರ ಡಬ್ಬಿಗಳಲ್ಲಿ ಮೊಟ್ಟೆ, ಒಣಮೀನು. ನಾನು ಮೇಲಿನ ಮೆಟ್ಟಿಲಲ್ಲಿ ಒಬ್ಬಳೇ ಕೂರುತ್ತೇನೆ.

೨೧ ಜೂನ್, ಮಂಗಳವಾರ

ಕೆಲಸದವರ ಟಾಯ್ಲೆಟ್ ಗೋದಾಮಿನ ಆಚೆ, ಮೇಲಿನ ಮಹಡಿಯಲ್ಲಿ. ಹೋಗುವಾಗಲೂ ಬರುವಾಗಲೂ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಮಾಡಬೇಕು. ಒಂದೆರಡು ಸಲ ಹೆಚ್ಚಾದರೆ ಸೆಂದಿಲ್ ಕುಮಾರ್ ಎಲ್ಲರ ಎದುರಿಗೆ ಕರೆದು ಆರೋಗ್ಯ ವಿಚಾರಿಸುತ್ತಾನೆ. ಅದಕ್ಕೆ ಈ ಹುಡುಗಿಯರು ನೀರೇ ಕುಡಿಯುವುದಿಲ್ಲ. ಅವರಿಗೆ ಅಭ್ಯಾಸವಾಗಿದೆ. ನನಗೆ ಅದು ಆಗುವ ಮಾತಲ್ಲ ಎಂದುಕೊಂಡಿದ್ದೆ. ಇವತ್ತು ಮನೆಗೆ ಬಂದು ಚೀಲ ಬಿಚ್ಚಿದಾಗ ನನ್ನ ಬಾಟಲಿ ಬೆಳಿಗ್ಗೆ ತುಂಬಿದ ಹಾಗೆಯೇ ಇತ್ತು.

೨ ಜುಲೈ, ಶನಿವಾರ

ಜ್ವರ. ಮೂತ್ರದ ಸೋಂಕು. "ನೀರು ಕುಡಿಯೋದಿಲ್ಲವಾ?" ಎಂದರು ಡಾಕ್ಟರು. ಮರೆತುಹೋಗುತ್ತದೆ ಎಂದೆ. ಮಲಗಿದ ದಿನಗಳಿಗೆ ಸಂಬಳವಿಲ್ಲ.

೧೪ ಜುಲೈ, ಗುರುವಾರ

ಬೆಳಿಗ್ಗೆ ಹೋದಾಗ ಒಂದೊಂದು ಕೌಂಟರಿನ ಹಿಂದೆ ಒಂದೊಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಮಲ್ಲಿಗಾ ಅವುಗಳ ಧೂಳು ಒರೆಸುತ್ತಿದ್ದಳು. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು. ಬೇಳೆ, ಸಕ್ಕರೆ ತೂಗಿ ಪೊಟ್ಟಣ ಮಾಡುವುದು, ಗದ್ದಲದ ದಿನ ಕೌಂಟರಿನ ಬಳಿ ನಿಂತು ಸಾಮಾನು ಚೀಲಕ್ಕೆ ತುಂಬುವುದು ಅವಳ ಕೆಲಸ. ಬಾಗಿಲ ಬಳಿ ಗೋಡೆಯ ಮೇಲೆ ಎರಡು ವರ್ಷದ ಹಿಂದಿನ ಒಂದು ಫೋಟೋ ಇದೆ. ಅಂಗಡಿಯ ಮಾಲೀಕರು, ಎಲ್ಲರೂ ಮುದಲಾಳಿ ಅನ್ನುವ ಕಂದಸಾಮಿಯವರು, ಮಲ್ಲಿಗಾಳಿಗೆ ಶಾಲು ಹೊದಿಸುತ್ತಿದ್ದಾರೆ, ಇಬ್ಬರ ಮುಖದಲ್ಲೂ ಮಾಸ್ಕು. ಕೆಳಗೆ ತಮಿಳಿನಲ್ಲಿ 'ಕೊರೊನಾ ಕಾಲದ ವೀರರು' ಎಂದು ಬರೆದಿದೆ. ಆಗ ಸಂಬಳದ ಜೊತೆ ಕೊಡುತ್ತಿದ್ದ ಭತ್ಯೆಯನ್ನು ಲಾಕ್‌ಡೌನ್ ತೆಗೆದ ಕೂಡಲೇ ನಿಲ್ಲಿಸಿದರಂತೆ. ಫೋಟೋ ತೆಗೆದಿಲ್ಲ.

ಮಧ್ಯಾಹ್ನ ಕಾರ್ಮಿಕ ಇಲಾಖೆಯಿಂದ ಒಬ್ಬರು ಬಂದು ನೋಡಿಹೋದರು. ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಇರಲೇಬೇಕೆಂದು ಹೋದ ವರ್ಷ ಕಾನೂನಾಗಿದೆಯಂತೆ. ಅವರು ಇದ್ದಷ್ಟು ಹೊತ್ತು ನಾನೂ ಕೂತಿದ್ದೆ. ಹಿತವಾಗಿತ್ತು.

ಸಂಜೆ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಮತ್ತೆ ಗೋದಾಮಿಗೆ ಸಾಗಿಸಿದರು. ಹೊತ್ತವಳು ಮಲ್ಲಿಗಾ. ಮೆಟ್ಟಿಲಲ್ಲಿ ನಿಂತು ಕುರ್ಚಿಗಳಿಗೆ, "ಹೋಗಿ ಮಲಗ್ರಪ್ಪಾ, ಇನ್ನು ಮುಂದಿನ ವರ್ಷವೇ ನಿಮಗೆ ಕೆಲಸ" ಎಂದಳು. ಎಲ್ಲರೂ ನಕ್ಕರು.

೧ ಆಗಸ್ಟ್, ಸೋಮವಾರ

ನಿನ್ನೆ ತಮಿಳರ ಆಡಿ ಮಾಸದ ರಿಯಾಯಿತಿಯ ಭಾನುವಾರ. ಒಂದು ಎಣ್ಣೆ ಪ್ಯಾಕೆಟ್ಟಿಗೆ ಇನ್ನೊಂದು ಉಚಿತ. ಬಾಗಿಲ ತನಕ ಸಾಲು. ಊಟದ ಬಿಡುವನ್ನೂ ರದ್ದು ಮಾಡಿದ್ದರು. ಮಲ್ಲಿಗಾ ನನ್ನ ಮತ್ತು ಗೋಕಿಲಾಳ ಕೌಂಟರಿನ ನಡುವೆ ನಿಂತು ಚೀಲ ತುಂಬುತ್ತಿದ್ದಳು.

ಸಾಲಿನಲ್ಲಿದ್ದ ಹೆಂಗಸೊಬ್ಬಳು ಹಿಂದಕ್ಕೆ ಸರಿದು, "ಇಲ್ಲಿ ಏನೋ ಚೆಲ್ಲಿದೆ ನೋಡಿ" ಎಂದಳು. ದಾಳಿಂಬೆಯ ಜ್ಯೂಸ್ ಬಾಟಲಿ ಒಡೆದಿರಬೇಕು ಎಂದುಕೊಂಡೆ. ಮಲ್ಲಿಗಾಳಿಗೂ ಹಾಗೆಯೇ ಅನ್ನಿಸಿರಬೇಕು. ಒರೆಸುವ ಬಟ್ಟೆ ತಂದು ಬಗ್ಗಿದಳು. ಒರೆಸಿದಷ್ಟೂ ಹರಿಯುತ್ತಿತ್ತು. ಆಮೇಲೆ ಅವಳು ತನ್ನ ಕಾಲು ನೋಡಿಕೊಂಡಳು. ಮೀನಖಂಡದಲ್ಲಿ ಉಬ್ಬಿಕೊಂಡಿದ್ದ ನರ ಒಡೆದಿತ್ತು. ನೋವಾಗಿರಲಿಲ್ಲವಂತೆ. "ಅಯ್ಯೋ, ನಾನೇನಾ" ಎಂದು ಆ ಹೆಂಗಸಿನ ಕಡೆ ನೋಡಿ ಕ್ಷಮೆ ಕೇಳಿದಳು. ಒರೆಸುವುದನ್ನು ಮಾತ್ರ ಬಿಡಲಿಲ್ಲ.

ಗೋಕಿಲಾ ಕೌಂಟರು ಬಿಟ್ಟು ಓಡಿಬಂದಳು. ಮಲ್ಲಿಗಾಳನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಅಕ್ಕಿ ಮೂಟೆಯ ಮೇಲೆತ್ತಿ, ತನ್ನ ದುಪ್ಪಟ್ಟವನ್ನು ಒತ್ತಿ ಹಿಡಿದು ಕೂತಳು. ಸೆಂದಿಲ್ ಕುಮಾರ್ ನೆಲ ಒದ್ದೆಯಿದೆ ಎನ್ನುವ ಹಳದಿ ಬೋರ್ಡು ತಂದು ಇಬ್ಬರ ಮುಂದೆ ಇಟ್ಟ. ನನ್ನ ಬಳಿ ಬಂದು, "ಬಿಲ್ಲಿಂಗ್ ನಿಲ್ಲಬಾರದು ಮೇಡಂ" ಎಂದ. ನಿಲ್ಲಿಸಲಿಲ್ಲ. ಎರಡನೇ ಎಣ್ಣೆ ಪ್ಯಾಕೆಟ್ಟು ಉಚಿತ ತಾನೇ ಎಂದು ಕೇಳಿದರು, ಹೌದು ಎಂದೆ. ಜನ ಹಳದಿ ಬೋರ್ಡನ್ನು ಬಳಸಿಕೊಂಡು ಬರುತ್ತಿದ್ದರು. ಆಟೋ ಬರಲು ಬಹಳ ಹೊತ್ತು ಹಿಡಿಯಿತು.

ಮಲ್ಲಿಗಾಳಿಗೆ ಪ್ರಾಣಕ್ಕೇನೂ ಅಪಾಯವಿಲ್ಲವಂತೆ. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಗೋಕಿಲಾಳಿಗೆ ಅರ್ಧ ದಿನದ ಸಂಬಳ ಕಡಿತ ಮಾಡಿದರು.

ಇವರು ಊಟದ ಹೊತ್ತಿಗೆ, "ಯಾಕೆ, ಮುಖ ಒಂಥರಾ ಇದೆ?" ಎಂದರು. ಜನ ಜಾಸ್ತಿ ಎಂದೆ.

೧೦ ಆಗಸ್ಟ್, ಬುಧವಾರ

ಹೋಗಲೇಬೇಕೆಂದೇನೂ ಇರಲಿಲ್ಲ. ವಾರದ ರಜೆ, ಗೋಕಿಲಾಳಿಗೂ ರಜೆ, ಕರೆದಳು, ಹೋದೆ. ಮಲ್ಲಿಗಾಳ ಮನೆ ಕೀರನತ್ತಂನಲ್ಲಿ. ಒಂದು ಕೋಣೆ, ಒಂದು ಅಡುಗೆ ಮೂಲೆ. ಇದ್ದ ಒಂದೇ ಕುರ್ಚಿಯನ್ನು ನನಗೆ ಹಾಕಿ ಅವಳು ಗೋಡೆಗೊರಗಿ ಕಾಲು ಎತ್ತಿಟ್ಟುಕೊಂಡು ಕೂತಳು. ನಾನು ನೆಲಕ್ಕಿಳಿದೆ. ಕುರ್ಚಿಯಲ್ಲಿ ಕೂತರೆ ಅವಳ ಜೊತೆ ಮಾತಾಡುವಾಗ ಕತ್ತು ನೋಯುತ್ತಿತ್ತು.

"ಆಪರೇಷನ್ ಮಾಡಬೇಕಂತಮ್ಮಾ. ಆದಮೇಲೂ ನಿಲ್ಲಬಾರದಂತೆ" ಎಂದಳು. "ನಿಲ್ಲದ ಕೆಲಸ ನನಗೆ ಯಾರು ಕೊಡ್ತಾರೆ?"

"ಮುದಲಾಳಿ ಏನಂದರು?"

"ಬರಲಿಲ್ಲ. ಸೆಂದಿಲ್ ತಂಬಿ ಫೋನ್ ಮಾಡಿತ್ತು. ಇದು ಅಂಗಡೀಲಿ ಆದ ಗಾಯ ಅಲ್ಲ, ಮೊದಲಿಂದ ಇದ್ದ ಕಾಯಿಲೆ ಅಂತು. ವಾಸಿಯಾದ ಮೇಲೆ ಬಾ, ನೋಡೋಣ ಅಂತು." ಆಮೇಲೆ ಹೇಳಿದಳು: "ಮೊದಲಿಂದ ಅಂದ್ರೆ ಎಲ್ಲಿಂದ ಅಂತ ಕೇಳಬೇಕಿತ್ತು. ಹುಟ್ಟಿದಾಗಿನಿಂದ ಅಲ್ಲವಲ್ಲ."

ಹಿಂದಿರುಗುವಾಗ ಬಸ್ ಸ್ಟಾಪಿನಲ್ಲಿ ಗೋಕಿಲಾ ವಿಷಯ ತೆಗೆದಳು. ಉಕ್ಕಡದಲ್ಲಿ ಮೀನಿನ ಮಾರುಕಟ್ಟೆಯ ಎದುರಿನ ಕಟ್ಟಡದಲ್ಲಿ ಅಂಗಡಿ ನೌಕರರ ಸಂಘವೊಂದಿದೆಯಂತೆ. ಹುಡುಗಿಯರು ಅವರ ಮೂಲಕ ಕಾರ್ಮಿಕ ಇಲಾಖೆಗೆ ದೂರು ಕೊಡಬೇಕೆಂದಿದ್ದಾರೆ. ಕುರ್ಚಿ, ಟಾಯ್ಲೆಟ್ಟು, ಸಂಬಳ ಸಹಿತ ವಾರದ ರಜೆ, ಮಲ್ಲಿಗಾಳ ಚಿಕಿತ್ಸೆ.

"ನೀವೂ ಸೈನ್ ಹಾಕ್ಬೇಕು ಅಕ್ಕಾ. ಓದಿದವರು ಇದ್ರೆ ಒಂದು ಬಲ ತಾನ್."

"ನಾನು ಇಲ್ಲಿ ಬಹಳ ದಿನ ಇರುವವಳಲ್ಲಮ್ಮ" ಎಂದೆ.

"ನಾನೂ ಅಂಗೇ ಅಂದ್ಕೊಂಡು ತಾನ್ ಬಂದೆ. ನಾಲ್ಕು ವರ್ಷ ಆಯ್ತು" ಎಂದಳು. ಬೇಸರವೇನೂ ಮಾಡಿಕೊಂಡ ಹಾಗೆ ಕಾಣಲಿಲ್ಲ. ಬಸ್ಸು ಬಂತು.

೨೪ ಆಗಸ್ಟ್, ಬುಧವಾರ

ದೂರು ಕೊಟ್ಟರು. ಬಿಲ್ಲಿಂಗಿನಲ್ಲಿ ಸಹಿ ಹಾಕದೆ ಉಳಿದವಳು ನಾನೊಬ್ಬಳೇ. ಊಟಕ್ಕೆ ಕೂತಾಗ ಗೋಕಿಲಾ ಹುರುಳಿಯ ಸಾರು ಬಡಿಸಿದಳು. ಅವಳ ಊರಿನ ಹುರುಳಿಯಂತೆ, ರುಚಿಯಾಗಿತ್ತು. ಮೆಟ್ಟಿಲ ಮೇಲೆ ಗಾಳಿ ಬರುವುದಿಲ್ಲ, ಈಗೀಗ ಕೆಳಗೇ ಕೂರುತ್ತೇನೆ.

೫ ಸೆಪ್ಟೆಂಬರ್, ಸೋಮವಾರ

ಗೋಕಿಲಾಳನ್ನು ತಿರುಪ್ಪೂರಿನ ಶಾಖೆಗೆ ಹಾಕಿದ್ದಾರೆ. ನಾಳೆಯಿಂದಲೇ. ಅಲ್ಲಿ ಹಾಸ್ಟೆಲ್ ಇಲ್ಲ. ದಿನವೂ ಬಸ್ಸಿನಲ್ಲಿ ಹೋಗಿಬರುವುದೆಂದರೆ ಕೆಲಸ ಬಿಡು ಎಂದ ಹಾಗೆಯೇ. "ಬಿಡಲ್ಲೆ ಅಕ್ಕಾ. ಬಿಟ್ರೆ ಅವರ್ಗೆ ಸಂದೋಷಂ" ಎಂದು ಹೇಳಿ ಹೋದಳು.

ಅವಳು ಹೋದ ಮೇಲೆ ಸೆಂದಿಲ್ ಕುಮಾರ್ ನನ್ನನ್ನು ಗಾಜಿನ ಕೋಣೆಗೆ ಕರೆದ. ಕೂರಿಸಿದ. ಕಾಫಿ ತರಿಸಿದ.

"ಮೇಡಂ, ನೀವು ಡಿಗ್ರಿ ಓದಿದವರು, ಒಳ್ಳೆ ಮನೆತನದವರು. ಆ ಹುಡುಗಿಯರ ಜೊತೆ ನಿಮ್ಮನ್ನ ನಿಲ್ಲಿಸಿದ್ದೇ ತಪ್ಪು ಅಂತ ಮುದಲಾಳಿ ಅಂದರು. ಫ್ಲೋರ್ ಸೂಪರ್‌ವೈಸರ್ ಮಾಡ್ತೀವಿ. ಈ ಟೇಬಲ್ಲೇ ನಿಮ್ಮದು."

ಹುಡುಗಿಯರಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು, ಅಷ್ಟೇ ಎಂದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದುಬಂದೆ. ಕಾಫಿ ಚೆನ್ನಾಗಿತ್ತು.

೬ ಸೆಪ್ಟೆಂಬರ್, ಮಂಗಳವಾರ

ಇವರು ಎಷ್ಟೋ ತಿಂಗಳ ಮೇಲೆ ಶೇವ್ ಮಾಡಿಕೊಂಡು ಇಸ್ತ್ರಿಯ ಅಂಗಿ ಹಾಕಿದರು. ತಮ್ಮ ರಾಮಪ್ರಸಾದನಿಗೆ ಫೋನ್ ಮಾಡಿ, "ವೇದಾ ಸೂಪರ್‌ವೈಸರ್ ಆಗಿದಾಳೆ ಕಣೋ. ಹೌದಪ್ಪ, ರೀಟೇಲ್" ಎಂದು ಹೇಳಿದರು. ಈ ಮನೆಯಲ್ಲಿ ನನ್ನ ಕೆಲಸದ ಮಾತು ದೊಡ್ಡ ದನಿಯಲ್ಲಿ ಬಂದದ್ದು ಇದೇ ಮೊದಲು. ನಾನು ಒಪ್ಪಿದ್ದೇನೆ ಎಂದು ಇವರಿಗೆ ಹೇಳಿದ ನೆನಪಿಲ್ಲ. ಆದರೂ ಹೋಗಿ ಒಪ್ಪಿದೆ. ಒಪ್ಪದಿರಲು ಕಾರಣವೂ ಹೊಳೆಯಲಿಲ್ಲ.

೧೫ ಸೆಪ್ಟೆಂಬರ್, ಗುರುವಾರ

ಗಾಜಿನ ಕೋಣೆ ತಂಪಾಗಿದೆ. ದಿನವಿಡೀ ಕೂತೇ ಇರುತ್ತೇನೆ. ಕಾಲಿನ ಊತ ಇಳಿದಿದೆ. ಕೌಂಟರುಗಳು ಇಲ್ಲಿಂದ ಹಿಂಬದಿಯಿಂದ ಕಾಣುತ್ತವೆ. ನಿಂತಿರುವವರು ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ಇರುತ್ತಾರೆ, ಎಲ್ಲರೂ, ಬಿಡುವಿಲ್ಲದೆ. ಮುಂದೆ ನಿಂತು ಸಾಮಾನು ಕೊಳ್ಳುವಾಗ ಇದು ಗೊತ್ತಾಗುವುದಿಲ್ಲ.

ಟಾಯ್ಲೆಟ್ಟಿನ ಪುಸ್ತಕ ಈಗ ನನ್ನ ಮೇಜಿನ ಮೇಲೆ. ಹುಡುಗಿಯರು ಬಂದು ನನ್ನ ಮುಂದೆ ನಿಂತು ಸಹಿ ಹಾಕಬೇಕು. ನನ್ನ ಮುಖ ನೋಡುವುದಿಲ್ಲ. ಊಟಕ್ಕೆ ಕೆಳಗೆ ಹೋದರೆ ಮಾತು ನಿಲ್ಲುತ್ತದೆ. ಹಾಗಾಗಿ ಕೋಣೆಯಲ್ಲೇ ಉಣ್ಣುತ್ತೇನೆ.

೨೨ ಸೆಪ್ಟೆಂಬರ್, ಗುರುವಾರ

ಟಾಯ್ಲೆಟ್ಟಿನ ಪುಸ್ತಕದ ಹಾಳೆಗಳು ಮುಗಿದವು. ಹೊಸದು ತರಿಸಬೇಕು ಎಂದು ಸೆಂದಿಲ್ ಕುಮಾರ್‌ಗೆ ಹೇಳಬೇಕಿತ್ತು. ಹೇಳಿಲ್ಲ. ಸದ್ಯಕ್ಕೆ ಯಾರೂ ಬರೆಯುತ್ತಿಲ್ಲ.

೧ ಅಕ್ಟೋಬರ್, ಶನಿವಾರ

ಕಾರ್ಮಿಕ ಇಲಾಖೆಯಿಂದ ಕರೆ ಬಂದಿದೆ. ಹತ್ತನೇ ತಾರೀಕು ಎರಡೂ ಕಡೆಯವರು ಹಾಜರಾಗಬೇಕು. ಅಂಗಡಿಯ ಕಡೆಯಿಂದ ಮುದಲಾಳಿ, ಸೆಂದಿಲ್ ಕುಮಾರ್, ನಾನು.

"ಹೆಚ್ಚು ಮಾತಾಡಬೇಕಿಲ್ಲ ಮೇಡಂ" ಎಂದ ಸೆಂದಿಲ್ ಕುಮಾರ್. "ಕುರ್ಚಿಗಳು ಇವೆಯಾ ಅಂತ ಕೇಳ್ತಾರೆ. ಇವೆ ಅನ್ನಿ. ಸುಳ್ಳೇನಲ್ಲವಲ್ಲ, ಇವೆಯಲ್ಲ."

ಹೌದು, ಇವೆ. ಸುಳ್ಳಲ್ಲ.

ಮನೆಯಲ್ಲಿ ಇವರಿಗೆ ಹೇಳಿದೆ. "ಅಷ್ಟು ಹೇಳಿದರೆ ಏನು ಹೋಗತ್ತೆ?" ಎಂದರು. ಆಮೇಲೆ, "ಮಿಲ್ಲಿನಲ್ಲಿ ನಾನೂ ಇಂಥ ಎಷ್ಟು ಮೀಟಿಂಗಿಗೆ ಹೋಗಿದ್ದೇನೆ" ಎಂದರು. ಅಲ್ಲಿ ಇವರು ಏನು ಹೇಳುತ್ತಿದ್ದರು ಎಂದು ನಾನು ಯಾವತ್ತೂ ಕೇಳಿದವಳಲ್ಲ. ಇವತ್ತೂ ಕೇಳಲಿಲ್ಲ.

೧೧ ಅಕ್ಟೋಬರ್, ಮಂಗಳವಾರ

ನಿನ್ನೆಯದನ್ನು ಬರೆದಿಡುತ್ತೇನೆ.

ಮುದಲಾಳಿಯ ಕಾರಿನಲ್ಲಿ ಕರೆದೊಯ್ದರು. ಕಂದಸಾಮಿಯವರು ಒಳ್ಳೆಯ ಮನುಷ್ಯರಂತೆಯೇ ಕಾಣುತ್ತಾರೆ, ದಾರಿಯುದ್ದಕ್ಕೂ ಇವರ ಆರೋಗ್ಯ, ಮಾಧವಿಯ ಓದು ಎಲ್ಲ ವಿಚಾರಿಸಿದರು. ಲಾಕ್‌ಡೌನಿನಲ್ಲಿ ಒಂದು ದಿನವೂ ಅಂಗಡಿ ಮುಚ್ಚಲಿಲ್ಲ ಎಂದು ಹೇಳುವಾಗ ಅವರ ಕಣ್ಣು ತುಂಬಿತು.

ಕಚೇರಿಯಲ್ಲಿ ಉದ್ದದ ಮೇಜು, ಸುತ್ತ ಕುರ್ಚಿಗಳು. ಅಧಿಕಾರಿ ಒಬ್ಬ ಹೆಂಗಸು, ನನ್ನ ವಯಸ್ಸಿನವರು. ಮುದಲಾಳಿ, ಸೆಂದಿಲ್ ಕುಮಾರ್ ಕೂತರು. ಸಂಘದ ಒಬ್ಬರು ಕೂತರು. ಗೋಕಿಲಾ, ಮಲ್ಲಿಗಾ, ಇನ್ನು ಮೂರು ಹುಡುಗಿಯರು ಗೋಡೆ ಪಕ್ಕ ನಿಂತಿದ್ದರು. ಮಲ್ಲಿಗಾಳ ಕಾಲಿಗೆ ಬಿಗಿಯಾದ ಪಟ್ಟಿ.

"ಉಕ್ಕಾರುಂಗಮ್ಮಾ" ಎಂದರು ಅಧಿಕಾರಿ, ಕೂತುಕೊಳ್ಳಿ ಎಂದು. ಯಾರೂ ಕೂರಲಿಲ್ಲ. ಇನ್ನೊಂದು ಸಲ ಹೇಳಿದರು. ಹುಡುಗಿಯರು ಕಂದಸಾಮಿಯವರ ಮುಖ ನೋಡಿದರು. ಅವರು ಬೇಡವೆಂದೇನೂ ಹೇಳಲಿಲ್ಲ. ಮೊಬೈಲ್ ನೋಡುತ್ತಿದ್ದರು. ಆದರೂ ಮುದಲಾಳಿಯ ಎದುರಿಗೆ ಕೂರುವುದು ಅವರಿಂದ ಆಗಲಿಲ್ಲ. "ಪರವಾಗಿಲ್ಲ ಮೇಡಂ, ನಿಂತೇ ಅಭ್ಯಾಸ" ಎಂದಳು ಮಲ್ಲಿಗಾ.

ನಾನು ಆಗಿನ್ನೂ ಬಾಗಿಲ ಬಳಿ ಇದ್ದೆ. ಸೆಂದಿಲ್ ಕುಮಾರ್ ತನ್ನ ಪಕ್ಕದ ಕುರ್ಚಿ ಎಳೆದು ಕೈ ಸನ್ನೆ ಮಾಡಿದ. ಅಲ್ಲಿಗೆ ಹೋಗಬೇಕಾದರೆ ಮೇಜು ಸುತ್ತಬೇಕಿತ್ತು. ಕಾಲು ನೋಯುತ್ತಿತ್ತು. ಹತ್ತಿರದಲ್ಲಿ ಮಲ್ಲಿಗಾಳ ಮುಂದೆಯೇ ಖಾಲಿ ಕುರ್ಚಿ ಇತ್ತು, ಅದರಲ್ಲಿ ಕೂತೆ. ಕೂತು ಪಕ್ಕದ್ದನ್ನು ಎಳೆದು, "ಬಾ ಮಲ್ಲಿಗಾ" ಎಂದೆ. ಅವಳು ಕೂತಳು. ಆಮೇಲೆ ಎಲ್ಲರೂ ಕೂತರು. ಕುರ್ಚಿ ಎಳೆಯುವ ಸದ್ದು ಸ್ವಲ್ಪ ಹೊತ್ತು ಇತ್ತು.

ಮಾತು ಸುತ್ತಿ ಬಳಸಿ ಕುರ್ಚಿಗೆ ಬಂತು. ಕಂದಸಾಮಿಯವರು, "ನಮ್ಮ ಸೂಪರ್‌ವೈಸರಮ್ಮನೇ ಹೇಳಲಿ. ಓದಿದವರು, ಈ ದೂರಿಗೆ ಸಹಿ ಹಾಕದವರು" ಎಂದರು.

"ಕೌಂಟರುಗಳಲ್ಲಿ ಕೂರಲು ಕುರ್ಚಿ ಇದೆಯಾ ಅಮ್ಮಾ?" ಎಂದರು ಅಧಿಕಾರಿ.

"ಕುರ್ಚಿಗಳಿವೆ" ಎಂದೆ. ಸೆಂದಿಲ್ ಕುಮಾರ್ ತಲೆ ಆಡಿಸಿದ.

"ಗೋದಾಮಿನಲ್ಲಿವೆ" ಎಂದೆ. "ನಿಮ್ಮ ಇಲಾಖೆಯವರು ಬರುವ ದಿನ ಕೆಳಗಿಳಿಯುತ್ತವೆ. ಅವರು ಹೋದ ಮೇಲೆ ಮೇಲೆ ಹೋಗುತ್ತವೆ. ಜುಲೈಯಲ್ಲಿ ನಾನೂ ಒಂದು ಮಧ್ಯಾಹ್ನ ಕೂತಿದ್ದೆ."

ಬೇರೆ ಏನಾದರೂ ಹೇಳುವುದಿದೆಯಾ ಎಂದು ಕೇಳಿದರು. ಟಾಯ್ಲೆಟ್ಟಿನ ಪುಸ್ತಕದ ಬಗ್ಗೆ, ಆಡಿ ಭಾನುವಾರದ ಬಗ್ಗೆ, ನಡೆದದ್ದು ನಡೆದ ಹಾಗೆ ಹೇಳಿದೆ. ನನ್ನ ಸೋಂಕಿನ ವಿಷಯವನ್ನೂ ಹೇಳಿದೆನಂತೆ. ಗಂಡಸರ ಎದುರಿಗೆ ಅದನ್ನು ಹೇಳಿದ್ದು ನನಗೆ ನೆನಪಿಲ್ಲ, ಗೋಕಿಲಾ ಆಮೇಲೆ ಹೇಳಿದಳು. ಕಂದಸಾಮಿಯವರು ನನ್ನನ್ನು ನೋಡಲಿಲ್ಲ. "ಇಷ್ಟು ನಂಬಿದ್ದೆ" ಎಂದು ಮಾತ್ರ ಸೆಂದಿಲ್ ಕುಮಾರ್‌ಗೆ ಹೇಳಿದರು.

ವಾಪಸು ಬರುವಾಗ ಅವರ ಕಾರಿಗೆ ಹೋಗುವ ಪ್ರಶ್ನೆ ಬರಲಿಲ್ಲ. ಗಾಂಧಿಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮಲ್ಲಿಗಾಳಿಗೆ ಸೀಟು ಕೊಡಿಸಿ ಉಳಿದವರು ನಿಂತು ಬಂದೆವು. ಗೋಕಿಲಾ ಕಿಟಕಿಯ ಹೊರಗೆ ನೋಡುತ್ತಾ, "ಅಕ್ಕಾ, ನಾಳಿಕ್ಕೆ ನಿಮ್ನ ಏನ್ ಮಾಡ್ತಾರೋ" ಎಂದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಅದರ ಬಗ್ಗೆ ಯೋಚಿಸಿರಲಿಲ್ಲ.

೧೨ ಅಕ್ಟೋಬರ್, ಬುಧವಾರ

ಇವರು ಮಾತು ಬಿಟ್ಟಿದ್ದಾರೆ. ಇಸ್ತ್ರಿಯ ಅಂಗಿ ಬೀರುವಿಗೆ ಹೋಯ್ತು.

೧೪ ಅಕ್ಟೋಬರ್, ಶುಕ್ರವಾರ

ತೆಗೆದುಹಾಕಲಿಲ್ಲ. ಸಂಧಾನ ನಡೆಯುತ್ತಿರುವಾಗ ಹಾಗೆ ಮಾಡಬಾರದು ಎಂದು ಅಧಿಕಾರಿ ಎಚ್ಚರಿಸಿದ್ದಾರಂತೆ. ದೀಪಾವಳಿಯ ಗದ್ದಲಕ್ಕೆ ಜನವೂ ಬೇಕು. ಮತ್ತೆ ಮೂರನೇ ಕೌಂಟರು. ಸೆಂದಿಲ್ ಕುಮಾರ್ ಈಗ ಮೇಡಂ ಅನ್ನುವುದಿಲ್ಲ. "ವೇದವತಿ, ಚಿಲ್ಲರೆ ಇದೆಯಾ?" ಎಂದು ಕೂಗುತ್ತಾನೆ. ಅವನಿಗೂ ಮುದಲಾಳಿಯಿಂದ ಸಾಕಷ್ಟು ಬಿದ್ದಿರಬೇಕು, ಮುಖ ಸಣ್ಣದಾಗಿದೆ. ಅವನೂ ದಿನವಿಡೀ ನಿಂತೇ ಇರುತ್ತಾನೆ ಎಂಬುದನ್ನು ಇಂದು ಗಮನಿಸಿದೆ.

ಕೌಂಟರಿಗೆ ಮರಳಿದ ಮೊದಲ ದಿನ ಸಂಜೆ ಮೀನಖಂಡ ಕಲ್ಲಿನ ಹಾಗಾಗಿತ್ತು. ಗಾಜಿನ ಕೋಣೆಯ ಕೆಲವೇ ವಾರದಲ್ಲಿ ಕಾಲಿಗೆ ಅಭ್ಯಾಸ ತಪ್ಪಿದೆ.

೨೫ ಅಕ್ಟೋಬರ್, ಮಂಗಳವಾರ

ಹಬ್ಬ ಮುಗಿಯಿತು. ಹಬ್ಬದ ದಿನ ಮಾಧವಿ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾ, "ಅಮ್ಮಾ, ನೀನು ಆ ಆಫೀಸಿನಲ್ಲಿ ಹೇಳಿದ್ದು ನಮ್ಮ ಕಾಲೇಜಿನಲ್ಲೂ ಗೊತ್ತಾಗಿದೆ" ಎಂದಳು. ಅವಳ ಗೆಳತಿಯ ಅಕ್ಕ ನಮ್ಮಲ್ಲಿ ತರಕಾರಿ ವಿಭಾಗದಲ್ಲಿದ್ದಾಳೆ. ಇವರು ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಬಂದು ಎಣ್ಣೆಯ ಬಟ್ಟಲನ್ನು ಬಿಸಿ ಮಾಡಿಕೊಟ್ಟು ಹೋದರು.

೧೭ ನವೆಂಬರ್, ಗುರುವಾರ

ಕೊನೆಯ ಸಭೆ ಆಯಿತು. ಒಪ್ಪಂದಕ್ಕೆ ನಾವು ಎಲ್ಲರೂ ಸಹಿ ಹಾಕಿದೆವು. ಕೌಂಟರಿಗೊಂದು ಎತ್ತರದ ಸ್ಟೂಲು. ಟಾಯ್ಲೆಟ್ಟಿಗೆ ಪುಸ್ತಕವಿಲ್ಲ. ವಾರದ ರಜೆಗೆ ಸಂಬಳ. ರಿಯಾಯಿತಿಯ ದಿನಗಳಲ್ಲಿ ಹೆಚ್ಚು ಹೊತ್ತು ಇರಿಸಿಕೊಂಡರೆ ಅದಕ್ಕೆ ಬೇರೆ ಕೂಲಿ. ಗೋಕಿಲಾ ವಾಪಸು ಶರವಣಂಪಟ್ಟಿಗೆ. ಮಲ್ಲಿಗಾಳ ಆಪರೇಷನ್ನಿನ ಅರ್ಧ ಖರ್ಚು ಅಂಗಡಿಯದು. ಪೂರ್ತಿ ಕೇಳಿದ್ದೆವು, ಕೊಡಲಿಲ್ಲ. ಸಂಬಳ ಏರಿಸುವ ಮಾತು ಏಪ್ರಿಲ್‌ಗೆ ಹೋಯಿತು. ಏಪ್ರಿಲ್‌ನಲ್ಲಿ ಮತ್ತೆ ಕೇಳಬೇಕು.

ಸಹಿ ಆದ ಮೇಲೆ ಉಕ್ಕಡದ ಸಂಘದ ಕಚೇರಿಯಲ್ಲಿ ಟೀ ಕುಡಿದೆವು. ಏಪ್ರಿಲ್‌ಗೆ ಏನೇನು ಕೇಳಬೇಕೆಂದು ಬರೆಯಲು ನನಗೆ ವಹಿಸಿದ್ದಾರೆ.

೨೯ ನವೆಂಬರ್, ಮಂಗಳವಾರ

ಮಲ್ಲಿಗಾ ಬರುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಗಿದೆ, ಆದರೆ ಅಂಗಡಿಯ ಗಾಜಿನ ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾಳೆ. ಮನೆಯಲ್ಲೇ ಕೂತು ಬನಿಯನ್ನುಗಳ ದಾರ ಕತ್ತರಿಸುವ ಕೆಲಸ ಹಿಡಿದಿದ್ದಾಳೆ. ತಿರುಪ್ಪೂರಿನಿಂದ ಮೂಟೆ ಮೂಟೆ ಬರುತ್ತದಂತೆ. ಇದರಲ್ಲಿ ಬರುವುದು ಬಹಳ ಕಡಿಮೆ. ನಮಗೆ ಸ್ಟೂಲು ಬಂದಾಗ ಅವಳಿಗೇ ಅದು ಸಿಗಲಿಲ್ಲ. ಗೋಕಿಲಾ ಮೊದಲ ದಿನ ಸ್ಟೂಲಿನ ಮೇಲೆ ಕೂತು ಅತ್ತಳು. ಸಾಲಿನಲ್ಲಿದ್ದವರು ಏನಾಯಿತಮ್ಮಾ ಎಂದು ಕೇಳಿದರು.

ಬಾಗಿಲ ಬಳಿಯ ಫೋಟೋವನ್ನು ಮಲ್ಲಿಗಾಳಿಗೆ ಕೊಡೋಣವೇ ಎಂದು ಸೆಂದಿಲ್ ಕುಮಾರ್ ನನ್ನ ಹತ್ತಿರ ಕೇಳಿದ. ಅವಳನ್ನೇ ಕೇಳು ಎಂದೆ. ಬೇಡ ಎಂದಳಂತೆ.

೧೮ ಡಿಸೆಂಬರ್, ಭಾನುವಾರ

ಇವತ್ತು ಮಧ್ಯಾಹ್ನ ಇವರು ಅಂಗಡಿಗೆ ಬಂದರು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ರಸ್ತೆಗೇ ಬಂದವರಲ್ಲ. ತಲೆ ಎತ್ತಿದಾಗ ನನ್ನ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ಇಸ್ತ್ರಿಯ ಅಂಗಿ. ಅವರ ಹಿಂದೆ ಪಕ್ಕದ ಮನೆಯವರು.

ಗೋಕಿಲಾಳ ಕೌಂಟರು ಖಾಲಿಯಾಯಿತು. ಅವಳಿಗೆ ಇವರ ಗುರುತಿಲ್ಲ. "ಸಾರ್, ಇಂಗೆ ವಾಂಗ, ಇಲ್ಲಿ ಯಾರೂ ಇಲ್ಲ" ಎಂದು ತಮಿಳಿನಲ್ಲಿ ಕರೆದಳು.

"ಇರಲಿ ತಾಯಿ" ಎಂದರು ಇವರು, ಗಟ್ಟಿಯಾಗಿ, ತಮಿಳಿನಲ್ಲೇ. "ಅಲ್ಲಿ ಬಿಲ್ ಹಾಕ್ತಿರೋದು ನಮ್ಮ ಮನೆಯವರು."

ಪಕ್ಕದ ಮನೆಯವರು ನನ್ನನ್ನು ನೋಡಿದರು, ಇವರನ್ನು ನೋಡಿದರು.

ಸರದಿ ಬಂತು. ರವೆ, ಕಡಲೆಬೇಳೆ, ಸೋಪು, ಊದುಬತ್ತಿ. "ಚೀಲ ತಂದಿದ್ದೀರಾ?" ಎಂದೆ. ತಂದಿರಲಿಲ್ಲ. ಚೀಲಕ್ಕೆ ಬೇರೆ ದುಡ್ಡಾಗುತ್ತದೆ ಎಂದೆ. ಆಗಲಿ ಎಂದರು. ಬಿಲ್ಲು ಕೊಟ್ಟು ಮುಂದಿನವರನ್ನು ಕರೆದೆ.

ಸಂಜೆ ಮನೆಗೆ ಬಂದಾಗ ಇವರೇ ಉಪ್ಪಿಟ್ಟು ಮಾಡಿದ್ದರು. ತಟ್ಟೆ ಮುಂದಿಟ್ಟು ಎದುರಿಗೆ ಕೂತು, "ನೀನು ಏಳಲೇ ಇಲ್ಲವಲ್ಲ ವೇದಾ" ಎಂದರು.

"ಎಲ್ಲಿಂದ?"

"ಅಲ್ಲೇ, ಕೌಂಟರಿನಲ್ಲಿ. ನಾನು ಎದುರಿಗೆ ಬಂದು ನಿಂತಾಗ."

"ಯಾಕೆ ಏಳಬೇಕಿತ್ತು? ನಿಮ್ಮ ಹಿಂದೆ ಅಷ್ಟುದ್ದ ಸಾಲು ಇತ್ತು" ಎಂದೆ.

ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬರುವ ತನಕ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು.